ಅರ್ಧಕ್ಕೆ ಬಿಟ್ಟ ಒಬ್ಬಟ್ಟು

ದಡ್ಡತನ ನನ್ನದೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ವೈರಲ್ ಜ್ವರ ಬಿಟ್ಟು ಇನ್ನೂ ಬಾಯಿರುಚಿ ಕೂಡ ಬಂದಿರಲಿಲ್ಲ, ಎದೆಯಲ್ಲಿ ಏನೋ ಹಿಡಿದಂತೆ ಬೇರೆ ಇತ್ತು. ಗ್ಯಾಸ್ ಎಂದುಕೊಂಡು ಸೋಡಾ ಕುಡಿದು, ಸಾಂಬಾರಿನ ಬಕೆಟ್ ಹಿಡಿದು ಮಹಡಿ ಹತ್ತಿದೆ.

ಕುಣಿಗಲ್‌ನಲ್ಲಿ ಚಿಕ್ಕಮ್ಮನ ಹೊಸ ಮನೆಯ ಗೃಹಪ್ರವೇಶ. ಅಡುಗೆ ಕೆಳಗೆ, ಊಟ ಮೇಲೆ ಟೆರೇಸಿನ ಶಾಮಿಯಾನದಲ್ಲಿ. ಬಡಿಸುವುದು ಮನೆ ಹುಡುಗರ ಕೆಲಸ. ತಪ್ಪಿಸಿಕೊಂಡವನನ್ನು ನಮ್ಮ ಹೆಂಗಸರು ಮುಂದಿನ ಮದುವೆಯವರೆಗೂ ಆಡಿಕೊಳ್ಳುತ್ತಾರೆ.

ನನ್ನ ಸೋದರಮಾವನ ಹೃದಯಕ್ಕೆ ಸ್ಟೆಂಟ್ ಹಾಕಿದೆ. ಮೆಟ್ಟಿಲು ಹತ್ತುವಾಗ ನಡುನಡುವೆ ನಿಂತು, ಎದೆ ಮೇಲೆ ಕೈಯಿಟ್ಟು, "ಉಸ್ಸ್... ಶಿವನೇ, ಆಗ್ತಿಲ್ಲ ಕಣ್ರೋ" ಅನ್ನುತ್ತಾರೆ. ನನಗೋ ಸ್ಟೇಜ್ ಹತ್ತಿ ಮಿಮಿಕ್ರಿ ಮಾಡುವ ಹುಚ್ಚು. ಗುಬ್ಬಿ ಬಸ್ಸಿನ ಕಂಡಕ್ಟರನ್ನು ಮಾಡುತ್ತೇನೆ, ತುಮಕೂರಿನ ಟೈಲ್ಸ್ ಅಂಗಡಿಯ ನಮ್ಮ ಮ್ಯಾನೇಜರನ್ನು ಮಾಡುತ್ತೇನೆ, ಅವರ ಮುಂದೆ ರಜೆ ಕೇಳುತ್ತಾ ಹಲ್ಲುಗಿಂಜುವ ನನ್ನನ್ನೂ ಮಾಡುತ್ತೇನೆ. ಆದರೆ ಚಪ್ಪಾಳೆ ಜಾಸ್ತಿ ಬೀಳುವುದು ಮಾವನಿಗೇ.

ಕೊನೆಯ ಮೆಟ್ಟಿಲಿನಲ್ಲಿ ಎದೆಯನ್ನು ಯಾರೋ ಒಗೆದ ಬಟ್ಟೆಯಂತೆ ಹಿಂಡಿದರು. ಬಕೆಟ್ ಇಟ್ಟು, ಎದೆ ಹಿಡಿದು ಕೂತುಬಿಟ್ಟೆ. ಇಡೀ ಪಂಕ್ತಿ ಗೊಳ್ಳೆಂದಿತು.

"ಏಯ್, ಮಾವನ್ನ ಮಾಡ್ತಾವ್ನೆ ನೋಡ್ರೋ!"

"ಶಿವನೇ ಅನ್ನೋದ್ ಬುಟ್ಟೆ ಕಣೋ!"

"ಆಗ್ತಿಲ್ಲ ಕಣ್ರೋ" ಎಂದೆ. ಇನ್ನೂ ಜೋರು ನಗು. ಮಾವನ ಡೈಲಾಗೂ ಅದೇ ತಾನೆ! ಒಬ್ಬ ಮೊಬೈಲ್ ತೆಗೆದು ವಿಡಿಯೋ ಶುರುಮಾಡಿದ.

ಮೊದಲ ಎಲೆಯಲ್ಲಿ ಮಾವ ತುಪ್ಪ ಹಾಕಿಸಿಕೊಂಡು ಒಬ್ಬಟ್ಟು ಮುರಿಯುತ್ತಿದ್ದರು. ಪಂಕ್ತಿಯಿಂದ ಅರ್ಧಕ್ಕೆ ಏಳಬಾರದು ಎಂದು ನಮಗೆಲ್ಲ ಕಿವಿ ಹಿಂಡಿ ಕಲಿಸಿದವರು ಅವರೇ. ಅವರು ಎದ್ದರು.

"ನಗೋದ್ ನಿಲ್ಸ್ರೋ. ಒಬ್ಬಟ್ಟಿನ್ ತಟ್ಟೆ ಮೂಗಿನ್ ಮುಂದೇನೇ ಹೋಯ್ತು, ಕತ್ತೆತ್ತಿ ನೋಡ್ಲಿಲ್ಲ ಇವ್ನು. ನನ್ನ ಮಾಡೋನಾಗಿದ್ರೆ ನನ್ನಂಗೇ ಬಾಯ್ಬುಟ್ಕೊಂಡ್ ನೋಡ್ತಿದ್ದ. ಕಾರ್ ತೆಗೀರಿ!"

ತುಮಕೂರಿನ ಆಸ್ಪತ್ರೆಯಲ್ಲಿ ಇಸಿಜಿ, ರಕ್ತಪರೀಕ್ಷೆ, ಹೃದಯದ ಎಕೋ ಸ್ಕ್ಯಾನ್ ಎಲ್ಲ ಆಯಿತು. ಹೃದಯದ ಸ್ನಾಯುವಿಗೇ ಉರಿಯೂತ ಎಂದರು ಡಾಕ್ಟರಮ್ಮ. ಜ್ವರದ ವೈರಸ್ಸನ್ನು ಹೊಡೆಯಲು ಹೊರಟ ದೇಹದ ಕಾವಲು ಪಡೆ ಸ್ವಂತ ಹೃದಯಕ್ಕೂ ಬಾರಿಸುತ್ತಿರಬಹುದಂತೆ. "ಕೆಲವು ವೈರಸ್ಸಿನ ಭಾಗಗಳು ಹೃದಯದ ಸ್ನಾಯು ಥರಾನೇ ಕಾಣ್ತವೆ. ದೇಹಕ್ಕೆ ಅಸಲಿ ಯಾವ್ದು, ನಕಲಿ ಯಾವ್ದು ಗೊತ್ತಾಗಲ್ಲ. ನಿಮ್ಗೂ ಹಾಗೇ ಆಗಿರ್ಬೋದು."

ಅಮ್ಮ ಕಣ್ಣೊರೆಸಿಕೊಂಡು ನನ್ನನ್ನು ನೋಡಿದಳು. "ಒಳಗೂ ನಿನ್ನಂಥೋನೇ ಒಬ್ಬ ಸೇರ್ಕೊಂಡವ್ನೆ ಬುಡು."

ಹೃದಯದ ಪಂಪಿಂಗ್ ಇಳಿದಿತ್ತು. ಕೆಲವು ತಿಂಗಳು ಓಟವಿಲ್ಲ, ಭಾರ ಎತ್ತುವಂತಿಲ್ಲ, ಸ್ಟೇಜ್ ಹತ್ತಿ ಕುಣಿಯುವಂತಿಲ್ಲ. ಪಂಪಿಂಗ್ ಮೇಲೇಳದಿದ್ದರೆ ಮಿಮಿಕ್ರಿಯನ್ನು ಮರೆತು ಮಾತ್ರೆ ನುಂಗುತ್ತಾ ಕೂರಬೇಕು. ಜೀವನದಲ್ಲಿ ಮೊದಲ ಸಲ ನನಗೆ ಯಾರ ದನಿಯೂ ಬರಲಿಲ್ಲ, ನನ್ನದೂ.

ಗುಬ್ಬಿಯ ನಮ್ಮ ಮನೆಯಲ್ಲಿ ಮಲಗಿದ್ದ ನನ್ನನ್ನು ಕಾಯಲು ಮಾವ ಕುಣಿಗಲ್‌ನಿಂದ ಬಸ್ಸಿನಲ್ಲಿ ಬಂದುಬಿಡುತ್ತಿದ್ದರು. ಡಾಕ್ಟರಮ್ಮ ನಿಧಾನ ನಡಿಗೆಗೆ ಅಪ್ಪಣೆ ಕೊಟ್ಟ ಮೇಲೆ ಸಂಜೆ ಬೀದಿಯ ತುದಿಯವರೆಗೆ ಇಬ್ಬರ ಸವಾರಿ. ಸ್ಟೆಂಟಿನ ಮನುಷ್ಯ ಮುಂದೆ, ಮೀಸೆ ಚಿಗುರಿದ ನಾನು ಹಿಂದೆ. ಅಲ್ಲಲ್ಲಿ ನಿಂತು ತಿರುಗಿ, ಎದೆ ಮೇಲೆ ಕೈಯಿಟ್ಟು, "ಉಸ್ಸ್... ಶಿವನೇ! ಹೆಂಗೈತ್ಲಾ?" ಅನ್ನುತ್ತಿದ್ದರು. ಎದೆ ಹಿಡಿದು ನಡೆಯುವ ನಾನು ಅವರಂತಾಗಿದ್ದೆ, ಅವರನ್ನು ಮಾಡುವ ನನ್ನನ್ನು ಅವರು ಮಾಡುತ್ತಿದ್ದರು. ಅದೂ ನನಗಿಂತ ಚೆನ್ನಾಗಿ, ಹೊಟ್ಟೆ ಉರಿಯಿತು. ಕೊನೆಗೊಂದು ಗೊಣಗು ಇದ್ದೇ ಇರುತ್ತಿತ್ತು: "ಎಂಥಾ ಒಬ್ಬಟ್ಟು ಕಣೋ ಅದು! ತುಪ್ಪ ಬೇರೆ ಹಾಕ್ಸಿದ್ದೆ."

ಮತ್ತೆ ಎಕೋ ಮಾಡಿಸಿದಾಗ ಡಾಕ್ಟರಮ್ಮ ಸ್ಕ್ರೀನ್ ನೋಡಿ ನಕ್ಕರು. ಪಂಪಿಂಗ್ ವಾಪಸ್ ಬಂದಿತ್ತು. ಬೇರೆ ಪರೀಕ್ಷೆಗಳೂ ಸರಿಯಿದ್ದವು. ನಿಧಾನವಾಗಿ ಎಲ್ಲ ಶುರುಮಾಡಿ ಎಂದರು. ಆಟೋದಲ್ಲೇ ಅವರ ದನಿ ತೆಗೆದೆ. ಅಮ್ಮ ಬೈಯುತ್ತಾ ನಕ್ಕಳು, ನಗುತ್ತಾ ಅತ್ತಳು.

ಭಾನುವಾರ ನಮ್ಮ ಮನೆಯಲ್ಲಿ ನೆಂಟರೆಲ್ಲ ಎಲೆ ಮುಂದೆ ಕೂತಿದ್ದರು. ಅಮ್ಮನ ಒಬ್ಬಟ್ಟು. ನನ್ನ ಕೈಗೆ ಬಕೆಟ್ ಕೊಡಲಿಲ್ಲ, ತುಪ್ಪದ ಗಿಂಡಿ ಮಾತ್ರ. ಹುಡುಗರು ಶುರುಮಾಡಿದರು, "ಮಾವನ್ನ ಮಾಡೋ, ಮಾವನ್ನ ಮಾಡೋ!"

ಮೊದಲ ಸಲ ಅಪ್ಪಣೆ ಕೇಳಬೇಕೆನಿಸಿತು. "ಮಾವ, ಮಾಡ್ಲಾ?"

ಮಾವ ಎಲೆಗೆ ಕೈ ಅಡ್ಡ ಹಿಡಿದರು.

"ಊಟ ಮುಗೀಲಿ, ಆಮೇಲ್ ಮಾಡು ಕಣ್ಲಾ. ಇನ್ನೊಂದ್ ಸಲ ನಿನ್ಗೋಸ್ಕರ ಒಬ್ಬಟ್ಟು ಬುಟ್ಟು ಏಳಾಕಿಲ್ಲ ನಾನು."