ಅಕ್ಕ-ತಂಗಿ ಆಡಬಾರದ ಆಟ

ವೀಸಾ ಕಚೇರಿಯಲ್ಲಿ ಗಾಜಿನ ಆಚೆ ಕುಳಿತಿದ್ದ ಹುಡುಗಿ ಜರ್ಮನಿಗೆ ಹೋಗುವ ಉದ್ದೇಶವೇನು ಎಂದು ಕೇಳಿದಳು. ಆಡುವುದಕ್ಕೆ ಎಂದೆ. ಅವಳು ತಲೆ ಎತ್ತಿ ಮೊದಲು ನನ್ನನ್ನು, ಆಮೇಲೆ ಅಕ್ಕನನ್ನು ನೋಡಿದಳು. ಅಕ್ಕನಿಗೆ ಎಪ್ಪತ್ತಕ್ಕೆ ಒಂದು ಕಡಿಮೆ, ನಾನು ಬೈಂದೂರಿನ ಅಂಚೆ ಕಚೇರಿಯಿಂದ ನಿವೃತ್ತಳಾದವಳು. ಯಾವ ಆಟ ಎಂದಳು. ಚೆನ್ನೆಮಣೆ ಎಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ ಪ್ರವಾಸ ಎಂದು ಬರೆದುಕೊಂಡಳು. ಅಕ್ಕನಿಗೆ ಅದು ಸರಿಬರಲಿಲ್ಲ. ತಿರುಗಾಡುವುದೇ ಆಗಿದ್ದರೆ ತನ್ನೂರು ನಾವುಂದದಿಂದ ಮರವಂತೆಯ ಕಡಲ ತೀರ ಹತ್ತಿರವಿತ್ತು, ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ ಎಂದು ಹೊರಗೆ ಬಂದ ಮೇಲೂ ಹೇಳುತ್ತಿದ್ದಳು.

ಚೆನ್ನೆಮಣೆ ನೋಡದವರಿಗಾಗಿ ಹೇಳುತ್ತೇನೆ. ಹಲಸಿನ ಮರದ ಒಂದು ಮಣೆ, ಅದರಲ್ಲಿ ಎರಡು ಸಾಲು ಗುಳಿ, ಸಾಲಿಗೆ ಏಳು. ಒಂದೊಂದು ಗುಳಿಗೂ ನಾಲ್ಕು ಕಾಯಿ, ಅಂದರೆ ಕೆಂಪು ಬೀಜ. ನಿಮ್ಮ ಸಾಲಿನ ಒಂದು ಗುಳಿಯ ಕಾಯಿಗಳನ್ನು ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿತ್ತುತ್ತಾ ಹೋಗಬೇಕು. ಬಿತ್ತುವುದು ಎಲ್ಲಿ ಮುಗಿಯುತ್ತದೆ ಎಂಬುದರ ಮೇಲೆ ಎದುರಾಳಿಯ ಕಾಯಿ ನಿಮ್ಮ ಪಾಲಿಗೆ ಬರುತ್ತದೆ, ಇಲ್ಲವೇ ಬರುವುದಿಲ್ಲ. ನಮ್ಮ ಕಡೆ ಇದು ಆಸಾಡಿ ತಿಂಗಳ, ಜಡಿಮಳೆಯ ದಿನಗಳ ಆಟ. ಗದ್ದೆಯ ಕೆಲಸ ಮುಗಿದು, ಕಡಲಿಗೆ ದೋಣಿ ಇಳಿಯದೆ, ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮನೆಯಲ್ಲಿ ಕೂರುವ ಕಾಲ. ಉಳಿದ ಹನ್ನೊಂದು ತಿಂಗಳು ಮಣೆ ಅಟ್ಟದ ಮೇಲೆ.

ಇನ್ನೊಂದು ಕಟ್ಟುಪಾಡು ಇದೆ. ಅಕ್ಕ-ತಂಗಿ ಎದುರುಬದುರು ಕುಳಿತು ಆಡಬಾರದು. ಹಿಂದೆ ಇಬ್ಬರು ಅಕ್ಕ-ತಂಗಿಯರು ಆಡುತ್ತಾ ಜಗಳವಾಗಿ, ಒಬ್ಬಳು ಇನ್ನೊಬ್ಬಳ ತಲೆಗೆ ಅದೇ ಮಣೆಯಿಂದ ಹೊಡೆದು, ಅವಳು ಸತ್ತು, ಹೊಡೆದವಳು ಬಾವಿಗೆ ಹಾರಿದಳಂತೆ. ನಮ್ಮ ಅಮ್ಮಮ್ಮ ಈ ಕಥೆಯನ್ನು ಊಟಕ್ಕೆ ಬಡಿಸುವಾಗ ಹೇಳುತ್ತಿದ್ದರು. ಹಾಗಾಗಿ ಅಕ್ಕ ಅಮ್ಮಮ್ಮನ ಜೊತೆ ಆಡಿದಳು, ನಾನೂ ಅಮ್ಮಮ್ಮನ ಜೊತೆ ಆಡಿದೆ. ನಮ್ಮಿಬ್ಬರಲ್ಲಿ ಯಾರು ಗಟ್ಟಿ ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ.

ಮದುವೆಯಾಗಿ ನಾವುಂದಕ್ಕೆ ಹೋದ ಮೇಲೆ ಅಕ್ಕನಿಗೆ ಸಿಕ್ಕಿದ್ದು ಅವಳ ಅತ್ತೆ. ಆ ಮನೆಯಲ್ಲಿ ಅತ್ತೆ ಸೊಸೆ ಆಡಿದ ಮಾತಿಗಿಂತ ಆಡಿದ ಆಟ ಹೆಚ್ಚು. ನಲವತ್ತಕ್ಕೂ ಹೆಚ್ಚು ಆಸಾಡಿ ಇಬ್ಬರೂ ಚಾವಡಿಯಲ್ಲಿ ಕುಳಿತು ಒಬ್ಬರನ್ನೊಬ್ಬರು ಸೋಲಿಸಿದರು. ಅತ್ತೆಗೆ ಕಣ್ಣು ಮಂಜಾದ ಮೇಲೂ ಯಾವ ಗುಳಿಯಲ್ಲಿ ಎಷ್ಟು ಕಾಯಿ ಇದೆಯೆಂದು ಮುಟ್ಟದೇ ಹೇಳುತ್ತಿದ್ದರು. ಅವರು ತೀರಿಹೋದ ಮರುವರ್ಷದ ಆಸಾಡಿಯಲ್ಲಿ ಅಕ್ಕ ಮಣೆಯನ್ನು ಅಟ್ಟದಿಂದ ಇಳಿಸಿ, ಒರೆಸಿ, ಕಾಯಿ ತುಂಬಿಸಿ ಚಾವಡಿಯಲ್ಲಿಟ್ಟಳು. ಅಕ್ಕನ ಸೊಸೆ ಎದುರು ಕುಳಿತಳು, ಎರಡನೇ ಸುತ್ತಿಗೆ ಫೋನು ಬಂತೆಂದು ಎದ್ದಳು. ಪಕ್ಕದ ಮನೆಯವಳಿಗೆ ಧಾರಾವಾಹಿ ಇತ್ತು. ಅಕ್ಕ ನಾಲ್ಕು ದಿನ ಕಾದು ಮಣೆಯನ್ನು ಮತ್ತೆ ಮೇಲಿಟ್ಟಳು. ಎದುರು ಕೂರುವವರಿಲ್ಲ ಎಂಬುದು ಹೇಳಿಕೊಳ್ಳುವಂಥ ಕಾಯಿಲೆಯಲ್ಲ.

ಅತ್ತೆ ಇದ್ದಾಗ ಒಂದು ಮಳೆಗಾಲದಲ್ಲಿ ಜರ್ಮನಿಯ ಹೆಂಗಸೊಬ್ಬಳು ಅಕ್ಕನ ಮನೆಯ ಹತ್ತಿರದ ಹೋಮ್‌ಸ್ಟೇಯಲ್ಲಿ ಉಳಿದಿದ್ದಳು. ಅತ್ತೆ ಸೊಸೆ ಆಡುವುದನ್ನು ಮೂರು ಮಧ್ಯಾಹ್ನ ನೋಡಿ, ತನ್ನ ದೇಶದಲ್ಲಿ ವರ್ಷಕ್ಕೊಮ್ಮೆ ಇಂಥ ಆಟಗಳದ್ದೇ ದೊಡ್ಡ ಮೇಳ ನಡೆಯುತ್ತದೆ, ಅಲ್ಲಿ ಹಳೆಯ ಆಟಗಳಿಗೆ ಮೇಜು ಕೊಡುತ್ತಾರೆ, ಬನ್ನಿ ಎಂದಿದ್ದಳು. ಆಮೇಲೂ ವರ್ಷ ವರ್ಷ ಕರೆಯುತ್ತಿದ್ದಳು. ಈ ಸಲ ಅಕ್ಕ ಆಯಿತು ಎಂದುಬಿಟ್ಟಳು. ಕಾಂಬುಕೆ ಹೋಪುದು ಎಂದು ಊರಿಗೆಲ್ಲ ಹೇಳಿದಳು. ನನಗೆ ಗೊತ್ತಿತ್ತು, ಅವಳು ನೋಡಲು ಹೊರಟದ್ದಲ್ಲ. ಲೋಕದ ಆಟಗಾರರೆಲ್ಲ ಒಂದೇ ಮಾಡಿನ ಕೆಳಗೆ ಸೇರುವಾಗ ತನ್ನ ಎದುರು ಕೂರುವವರು ಒಬ್ಬರಾದರೂ ಇರಲಾರರೇ ಎಂಬುದು ಅವಳ ಲೆಕ್ಕ.

ಇಂಗ್ಲಿಷಿಗೆ ನಾನು, ಆಡಿ ತೋರಿಸಲು ಅಕ್ಕನ ನಾದಿನಿ ಎಂದು ಮೂವರ ತಯಾರಿ. ನಾದಿನಿ ಬ್ರಹ್ಮಾವರದವರು, ಅಕ್ಕನೆದುರು ದಾಕ್ಷಿಣ್ಯಕ್ಕೆ ಸೋಲುವವರು. ಆದರೂ ಅಕ್ಕ-ತಂಗಿ ಎಂಬ ತೊಂದರೆ ಇಲ್ಲವಲ್ಲ. ಹೊರಡುವ ಹಿಂದಿನ ದಿನ ಅವರ ಗಂಡನ ಕಡೆಯ ದಾಯಾದಿಯೊಬ್ಬರು ಮುಂಬಯಿಯಲ್ಲಿ ತೀರಿಹೋದರು. ಸೂತಕ, ಬರುವಂತಿಲ್ಲ. ನಾದಿನಿ ಫೋನಿನಲ್ಲಿ ಅತ್ತರು. ತೀರಿಹೋದವರನ್ನು ಅವರು ನೋಡಿಯೇ ಇರಲಿಲ್ಲವಾದ್ದರಿಂದ ಅಳು ಯಾವುದಕ್ಕೆಂದು ನಾವು ಕೇಳಲಿಲ್ಲ.

ಬೀಜಗಳನ್ನು ತರಬೇಡಿ, ವಿಮಾನ ನಿಲ್ದಾಣದಲ್ಲಿ ತಡೆಯುತ್ತಾರೆ ಎಂದು ಆ ಜರ್ಮನ್ ಹೆಂಗಸು ಬರೆದಿದ್ದಳು. ಹಾಗಾಗಿ ಸಣ್ಣ ಕವಡೆಗಳನ್ನು ಒಯ್ದೆವು. ಮಣೆಯನ್ನು ಬೈರಾಸು ಬಟ್ಟೆಯಲ್ಲಿ ಸುತ್ತಿ ಅಕ್ಕ ತೊಡೆಯ ಮೇಲೆ ಇಟ್ಟುಕೊಂಡೇ ಬಂದಳು.

ಮೇಳದ ಜಾಗ ಹೇಳಿದರೆ ನಂಬುವಂತಿರಲಿಲ್ಲ. ಒಂದು ಸಭಾಂಗಣದಿಂದ ಇನ್ನೊಂದಕ್ಕೆ ಹೋಗುವುದೆಂದರೆ ತ್ರಾಸಿಯಿಂದ ಮರವಂತೆಗೆ ನಡೆದಂತೆ. ಎಲ್ಲೆಲ್ಲೂ ಮೇಜು, ಮೇಜಿನ ತುಂಬ ಬಣ್ಣದ ಹಲಗೆ, ದಾಳ, ಮರದ ಗೊಂಬೆ. ಗಡ್ಡ ಬಿಟ್ಟ ಗಂಡಸರು ಸಾಮಾನಿನ ಗಾಡಿ ಎಳೆದುಕೊಂಡು ಹೋಗುತ್ತಿದ್ದರು. ಕೆಲವರು ನೆಲದ ಮೇಲೆ ಕುಳಿತು ಆಟದ ನಿಯಮಗಳನ್ನು ಪಾರಾಯಣದಂತೆ ಓದುತ್ತಿದ್ದರು. ಇಡೀ ಸಭಾಂಗಣದಲ್ಲಿ ಮಕ್ಕಳೇ ಕಡಿಮೆ. ಅಕ್ಕ ಸುತ್ತ ನೋಡಿ ಕೇಳಿದ್ದು ಒಂದೇ.

"ಇವ್ರೆಲ್ಲ ಇಲ್ ಕೂಕಂಡ್ರೆ ಅಲ್ಲಿ ಹಾಲ್ ಕರೂದ್ ಯಾರ್?"

ನಮಗೆ ಕೊಟ್ಟ ಮೇಜು ಒಂದು ಮೂಲೆಯಲ್ಲಿತ್ತು. ಮಣೆ ಬಿಚ್ಚುತ್ತಿದ್ದಂತೆ ಹತ್ತು ಹನ್ನೆರಡು ಜನ ಸೇರಿದರು. ಕರೆದ ಹೆಂಗಸು ನಮ್ಮಿಬ್ಬರ ಹಿಂದೆ ಎರಡು ಕುರ್ಚಿ ಇಟ್ಟು, ಶುರುಮಾಡಿ ಎಂದು ಕೈ ಮಾಡಿದಳು. ನಾನು ಅಕ್ಕನ ಕಿವಿಯಲ್ಲಿ ಒಂದು ಮಾತು ಹೇಳಿದೆ. ಆಸಾಡಿ ಮುಗಿದು ಎರಡು ತಿಂಗಳ ಮೇಲಾಗಿತ್ತು. ಅಲ್ಲಿ ಮಳೆ ಹನಿಯುತ್ತಿದ್ದದ್ದನ್ನು ಕಂಡು, ಮಳೆ ಇದ್ದಲ್ಲಿ ಆಸಾಡಿಯೇ ಎಂದು ಅಕ್ಕ ಆ ದೋಷವನ್ನು ಬೆಳಿಗ್ಗೆ ತಾನೇ ಕಳೆದಿದ್ದಳು. ತಿಂಗಳನ್ನು ಬಿಟ್ಟುಕೊಟ್ಟವಳು ಅಕ್ಕ-ತಂಗಿಯ ಕಟ್ಟನ್ನೂ ಬಿಟ್ಟುಕೊಡಬಹುದಲ್ಲ, ನಾವೀಗ ಏಳು ಕಡಲಿನ ಆಚೆ ಇದ್ದೇವಲ್ಲ ಎಂದೆ. ಅಕ್ಕ ನನ್ನ ಮುಖವನ್ನೇ ನೋಡಿದಳು.

"ವಿಮಾನ ಹತ್ತ್ ಬಂದ್ರೆ ನೀನ್ ನನ್ ತಂಗಿ ಅಲ್ದೇ ಹೋತ್ಯಾ?"

ನಾನು ಕುರ್ಚಿ ಬಿಟ್ಟು ಪಕ್ಕಕ್ಕೆ ನಿಂತೆ, ಮೂರು ದಿನ ನಿಂತೇ ಇದ್ದೆ.

ಆಮೇಲೆ ಅಕ್ಕ ಜನರನ್ನೇ ಕೂರಿಸಲು ಶುರುಮಾಡಿದಳು. ಯಾರು ಇಬ್ಬರು ಒಟ್ಟಿಗೆ ಬಂದರೂ ಮೊದಲು ಅವರ ಸಂಬಂಧ ವಿಚಾರಿಸಬೇಕು. ಆ ಕೆಲಸ ನನ್ನದು. ಒಬ್ಬ ಗಡ್ಡದವನು ಇಬ್ಬರು ಹೆಣ್ಣುಮಕ್ಕಳನ್ನು ಕರೆತಂದು ಎದುರುಬದುರು ಕೂರಿಸಿದ. ಅಕ್ಕ ಎದ್ದು ಹೋಗಿ ಸಣ್ಣವಳನ್ನು ಎತ್ತಿ ಆಚೆ ಇಟ್ಟು, ಆ ಜಾಗದಲ್ಲಿ ಅಪ್ಪನನ್ನು ಕೂರಿಸಿದಳು. ಅವನು ಕಾರಣ ಕೇಳಿದ. ಮಣೆ, ತಲೆ, ಬಾವಿ ಎಲ್ಲವನ್ನೂ ಹೇಳಿದೆ. ಅವನು ನಗಲಿಲ್ಲ. ಬಹಳ ಗಂಭೀರವಾಗಿ, ಹಾಗಾದಾಗ ಗೆದ್ದವರು ಯಾರೆಂದು ಲೆಕ್ಕ ಎಂದು ಕೇಳಿದ. ಅಕ್ಕನಿಗೆ ಹೇಳಿದೆ. ಅವಳೂ ಅಷ್ಟೇ ಗಂಭೀರವಾಗಿ ಯೋಚಿಸಿದಳು.

"ಯಾರೂ ಗೆಲ್ಲುದಿಲ್ಲೆ ಅಂತ ಹೇಳ್."

ಅವನಿಗೆ ತೃಪ್ತಿಯಾಯಿತು. ಆದರೂ ಬಿಡದೆ, ಅಮ್ಮ ಬೇರೆಯಾದ ಅಕ್ಕ-ತಂಗಿ ಆಡಬಹುದೇ ಎಂದ. ಕೂಡದು. ಅಣ್ಣ-ತಂಗಿ? ಅದಕ್ಕೆ ಅಡ್ಡಿಯಿಲ್ಲ, ಆದರೆ ಅಣ್ಣಂದಿರಿಗೆ ತಾಳ್ಮೆ ಇರುವುದಿಲ್ಲ. ಓರಗಿತ್ತಿಯರು? ಓರಗಿತ್ತಿ ಎಂದರೇನೆಂದು ಅವನಿಗೆ ತಿಳಿಸಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಓರಗಿತ್ತಿಯರು ಧಾರಾಳ ಆಡಬಹುದು, ಅವರಿಗೆ ಹೇಗೂ ಜಗಳಕ್ಕೊಂದು ಜಾಗ ಬೇಕು ಎಂದು ಅಕ್ಕನ ತೀರ್ಪು. ಆ ದೇಶದವರಿಗೆ ನಿಯಮವೆಂದರೆ ಪ್ರೀತಿ. ಮಧ್ಯಾಹ್ನದೊಳಗೆ ಸುದ್ದಿ ಹಬ್ಬಿ, ನಮ್ಮ ಮೇಜಿಗೆ ಬರುವವರು ದೂರದಿಂದಲೇ ತಮ್ಮ ಸಂಬಂಧ ಹೇಳಿಕೊಂಡು ಬರುತ್ತಿದ್ದರು. ನಾವು ಬರೀ ನೆರೆಕರೆಯವರು. ನಾವು ಒಂದೇ ಆಫೀಸಿನವರು. ಒಬ್ಬ ಗಂಡಸು, ಒಬ್ಬ ಹೆಂಗಸು ಬಂದು ತಾವು ವಿಚ್ಛೇದನ ಪಡೆದವರು, ಆಡಬಹುದೇ ಎಂದು ಕೇಳಿದರು. ಅಂಥವರಿಗೆಂದೇ ಈ ಆಟ ಮಾಡಿದ್ದು ಎಂದು ಅಕ್ಕ ಅವರಿಗೆ ತಾನೇ ಕವಡೆ ತುಂಬಿಸಿಕೊಟ್ಟಳು.

ಮೇಜಿನ ಸುತ್ತ ಜನವೋ ಜನ. ಕರೆದ ಹೆಂಗಸಿಗೆ ಸಂತೋಷವೋ ಸಂತೋಷ. ಅಕ್ಕನ ಮುಖ ಮಾತ್ರ ದಿನದಿಂದ ದಿನಕ್ಕೆ ಸಣ್ಣದಾಗುತ್ತಿತ್ತು. ಅವಳ ಎದುರು ಕುಳಿತವರೆಲ್ಲ ಬೆರಳಿನಿಂದ ಎಣಿಸುವವರು. ಅವರು ಒಂದು ಗುಳಿ ಆರಿಸುವಷ್ಟರಲ್ಲಿ ಅಕ್ಕ ಮನಸ್ಸಿನಲ್ಲೇ ಆಟ ಮುಗಿಸಿ, ಸಭಾಂಗಣದ ಮಾಡು ನೋಡುತ್ತಾ ಕೂರುತ್ತಿದ್ದಳು. ಗೆದ್ದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಎರಡನೇ ಸಂಜೆ ಟ್ರಾಮಿನಲ್ಲಿ ವಾಪಸು ಬರುವಾಗ ಕಿಟಕಿಯಾಚೆ ನೋಡಿಕೊಂಡೇ ಹೇಳಿದಳು.

"ಎಲ್ಲ ಕಲಿಯುಕೆ ಬಪ್ಪರೇ. ಆಡುಕೆ ಯಾರೂ ಬಪ್ಪುದಿಲ್ಲೆ."

ಊರಿಗೆ ಹೋದ ಮೇಲೆ ಮಣೆಯನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ, ಗೋಡೆಗೆ ತೂಗುಹಾಕಿಕೊಳ್ಳುವವರು ಇದ್ದಾರಂತೆ ಎಂದಳು.

ಮೂರನೇ ದಿನ ಮಧ್ಯಾಹ್ನ ತಲೆಗೆ ಬಟ್ಟೆ ಸುತ್ತಿದ ಒಬ್ಬ ಹೆಂಗಸು, ಅಕ್ಕನದೇ ಪ್ರಾಯದವಳು, ನಮ್ಮ ಮೇಜಿನ ಮುಂದೆ ನಿಂತಳು. ಇಂಡೋನೇಷ್ಯಾದವಳು ಎಂದು ಆಮೇಲೆ ಗೊತ್ತಾಯಿತು. ಒಬ್ಬಳೇ ಬಂದಿದ್ದಳು. ಮಣೆಯ ಗುಳಿಗಳನ್ನು ಕಣ್ಣಿನಲ್ಲೇ ಎಣಿಸಿದಳು. ಒಂದು ಕವಡೆ ಎತ್ತಿ ನೋಡಿ, ಕೆಳಗಿಟ್ಟು, ಕೇಳದೇ ಕುಳಿತಳು. ತಮ್ಮಲ್ಲೂ ಇದೇ ಆಟ, ಏಳೇಳು ಗುಳಿ, ಇದೇ ಕವಡೆ, ಆದರೆ ಮಣೆಯ ಎರಡು ತುದಿಗೆ ಒಂದೊಂದು ದೊಡ್ಡ ಗುಳಿ ಇರುತ್ತದೆ ಎಂದು ತುಂಡು ತುಂಡು ಇಂಗ್ಲಿಷಿನಲ್ಲಿ ನನಗೆ ಹೇಳಿದಳು. ಮೊದಲು ನಮ್ಮ ಕ್ರಮದಲ್ಲಿ ಆಡೋಣ ಎಂದೆ.

ಅವಳು ಬಿತ್ತಿದ ರೀತಿ ನೋಡಿ ಅಕ್ಕ ಬೆನ್ನು ನೆಟ್ಟಗೆ ಮಾಡಿದಳು. ಆ ಹೆಂಗಸು ಎಣಿಸುತ್ತಿರಲಿಲ್ಲ. ಅಂಗೈಯಲ್ಲಿ ಕವಡೆ ಎಷ್ಟಿದೆಯೆಂದು ಅಂಗೈಗೆ ಗೊತ್ತಿತ್ತು. ಮೊದಲ ಆಟ ಅಕ್ಕ ಗೆದ್ದಳು, ಆದರೆ ಹಣೆಯಲ್ಲಿ ಬೆವರಿತ್ತು. ಎರಡನೆಯದು ಅವರ ಕ್ರಮ. ಅವಳು ಎರಡು ಕಾಗದದ ಲೋಟಗಳನ್ನು ಮಣೆಯ ಎರಡು ತುದಿಗೆ ಇಟ್ಟು ದೊಡ್ಡ ಗುಳಿ ಮಾಡಿದಳು. ಅಕ್ಕ ಸೋತಳು. ಕೂಡಲೇ ಕವಡೆಗಳನ್ನು ತಾನೇ ಮತ್ತೆ ತುಂಬಿಸತೊಡಗಿದಳು. ನಾನು ಊಟಕ್ಕೆ ಕರೆದೆ. ಕೇಳಿಸಲಿಲ್ಲ.

ಮೂರನೆಯ ಆಟದ ನಡುವೆ ಅನಾಹುತವಾಯಿತು. ಆ ಹೆಂಗಸು ಅಕ್ಕನ ಕೈ ಮುಟ್ಟಿ, ಅಕ್ಕನನ್ನೂ ತನ್ನನ್ನೂ ತೋರಿಸಿ, ನಗುತ್ತಾ ತನ್ನ ಭಾಷೆಯಲ್ಲಿ ಏನೋ ಅಂದಳು. ನನಗೆ ಸೌದಾರಾ ಎಂದು ಕೇಳಿಸಿತು. ಅಕ್ಕ ಕೈಯಲ್ಲಿದ್ದ ಕವಡೆಗಳನ್ನು ಮಣೆಗೆ ಹಾಕಿ ಕುರ್ಚಿ ಹಿಂದೆ ಸರಿಸಿದಳು.

"ಎಂತ, ಸೋದರಿ ಅಂದ್ಲಾ?"

ನಾನು ವಿಚಾರಿಸಿದೆ. ಹೌದು, ಅಣ್ಣ ತಮ್ಮ ಅಕ್ಕ ತಂಗಿ ಯಾರಿಗಾದರೂ ಹಾಗೆನ್ನಬಹುದಂತೆ, ನಮ್ಮ ಶಬ್ದವೇ ಎಂದೋ ಹಡಗು ಹತ್ತಿ ಹೋದದ್ದಿರಬೇಕು. ಪ್ರೀತಿಗೆ ಹೇಳಿದ್ದು, ನಿಜವಾದ ಸಂಬಂಧವಲ್ಲ ಎಂದು ಅಕ್ಕನಿಗೆ ಬಿಡಿಸಿ ಹೇಳಿದೆ. ಅವಳು ಒಪ್ಪಲಿಲ್ಲ. ಬಾಯಲ್ಲಿ ಬಂದ ಮೇಲೆ ಬಂತು, ಮಣೆಯ ಎದುರು ಕುಳಿತೇ ಅಂದಿದ್ದಾಳಲ್ಲ ಎಂಬುದು ಅವಳ ವಾದ. ಆ ಹೆಂಗಸು ಏನು ತಪ್ಪಾಯಿತೋ ಎಂದು ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಇಬ್ಬರು ಮಕ್ಕಳ ಆ ಗಡ್ಡದವನು ಅಲ್ಲಿಯೇ ಇದ್ದ, ತುಟಿ ಕಚ್ಚಿಕೊಂಡು ನಿಂತಿದ್ದ. ನಿಯಮ ಅವನಿಗೂ ಗೊತ್ತಿತ್ತಲ್ಲ.

ಅಕ್ಕ ಮಣೆ ನೋಡಿದಳು. ಅವಳ ಸಾಲಿನ ಐದನೇ ಗುಳಿಯಲ್ಲಿ ಒಂದು ಒಳ್ಳೆಯ ಆಟವಿತ್ತು, ನನಗೂ ಕಾಣುತ್ತಿತ್ತು. ಎದುರಿನ ಹೆಂಗಸನ್ನು ನೋಡಿದಳು. ಮತ್ತೆ ಮಣೆ ನೋಡಿದಳು. ಇಷ್ಟು ವರ್ಷದಲ್ಲಿ ಅಕ್ಕ ಒಂದು ಕಟ್ಟಿನ ಸುತ್ತ ಇಷ್ಟು ಹೊತ್ತು ತಿರುಗಿದ್ದನ್ನು ನಾನು ಕಂಡಿರಲಿಲ್ಲ.

"ಹ್ವಾಯ್," ಎಂದಳು ಕೊನೆಗೆ ಆ ಹೆಂಗಸಿಗೆ. ತನ್ನ ಎದೆ ಮುಟ್ಟಿಕೊಂಡು, "ಅತ್ಗೆ" ಎಂದಳು. ಅವಳತ್ತ ಕೈ ತೋರಿಸಿ, "ನೀವೂ ಅತ್ಗೆ." ಆಮೇಲೆ ನನಗೆ, "ಇನ್ನ್ ಮೇಲೆ ಹಾಂಗೇ ಅಂಬುಕೆ ಹೇಳ್. ಅತ್ಗೆಯರ್ ಆಡ್ಲಕ್ಕ್."

ಆ ಹೆಂಗಸು ಅತ್ಗೆ ಅಂದಳು. ತ ಸ್ವಲ್ಪ ಮೆತ್ತಗಿತ್ತು. ಅಕ್ಕ ಎರಡು ಸಲ ತಿದ್ದಿ, ಸರಿಯಾದ ಮೇಲೆಯೇ ಐದನೇ ಗುಳಿಯಿಂದ ಕವಡೆ ಎತ್ತಿದಳು. ಗಡ್ಡದವನು ಉಸಿರು ಬಿಟ್ಟ.

ದೀಪ ಆರಿಸಲು ಬಂದವರು ಎರಡು ಸಲ ಕೆಮ್ಮುವವರೆಗೆ ಆಡಿದರು. ನಾನು ಲೆಕ್ಕ ಇಡಲಿಲ್ಲ. ಅಕ್ಕ ಸೋತದ್ದೇ ಹೆಚ್ಚಿರಬೇಕು, ಯಾಕೆಂದರೆ ಮಣೆ ಸುತ್ತುವಾಗ ಆ ಹೆಂಗಸನ್ನು ಮಹಾ ಕಳ್ಳಿ ಎಂದು ಬಾಯ್ತುಂಬ ಬೈಯುತ್ತಿದ್ದಳು. ನಾಳೆ ಎಷ್ಟೊತ್ತಿಗೆ ಬರುತ್ತಾಳೆಂದು ಕೇಳಲು ಹೇಳಿದಳು. ಕೇಳಿದೆ. ಆ ಹೆಂಗಸು ಒಂಬತ್ತು ಬೆರಳು ತೋರಿಸಿದಳು. ಗೇಟು ತೆರೆಯುವುದು ಹತ್ತಕ್ಕೆ ಎಂದು ನಾನು ಇಬ್ಬರಿಗೂ ಹೇಳಿದೆ.

"ಗೇಟಿನ್ ಹೊರ್ಗೆ ಜಾಗ ಇಲ್ಯಾ?" ಎಂದಳು ಅಕ್ಕ.

ಇತ್ತು. ಮರುದಿನ ಒಂಬತ್ತಕ್ಕೆ ಗೇಟಿನ ಹೊರಗೆ ಒಂದು ಕಲ್ಲಿನ ಬೆಂಚಿನ ಮೇಲೆ ಇಬ್ಬರೂ ಮಣೆಯ ಆಚೀಚೆ ಕುಳಿತಿದ್ದರು. ಮಳೆ ಹನಿಯುತ್ತಿತ್ತು. ಕೊಡೆ ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು. ಅದನ್ನು ತಂಗಿ ಮಾಡಬಾರದೆಂದು ಎಲ್ಲೂ ಇಲ್ಲವಂತೆ.