ಕಚಗುಳಿಯಾಗದ ಕೆನ್ನೆ

ಮಹಾಜಂಗಾ ಎಂಬ ಬಂದರು ಊರಿನ ಮೀನುಪೇಟೆಯ ಮೂಲೆಯಲ್ಲಿ ಜಾಲಿಫಾ ಮೊಕಾರಿ ಮಾರುತ್ತಾಳೆ. ಅಕ್ಕಿಹಿಟ್ಟಿಗೆ ತೆಂಗಿನಹಾಲು, ಸಕ್ಕರೆ ಬೆರೆಸಿ, ಗುಳಿಗಳಿರುವ ಕಾವಲಿಯಲ್ಲಿ ಬೇಯಿಸುತ್ತಾಳೆ. ದೋಣಿ ನೂಕುವ ಮುಂಚೆ ಬೆಸ್ತರು ಅಲ್ಲಿ ಸಾಲು ನಿಲ್ಲುತ್ತಾರೆ. ಗಂಡ ಸಮುದ್ರದಿಂದ ವಾಪಸು ಬರದೇ ಹೋದಾಗಿನಿಂದ ಇಬ್ಬರು ಹೆಣ್ಣುಮಕ್ಕಳ ಹೊಟ್ಟೆ ತುಂಬಿಸಿದ್ದು ಆ ಕಾವಲಿಯೇ.

ಇಲ್ಲಿನ ಹೆಂಗಸರು ಬಿಸಿಲು ತಾಗದಿರಲೆಂದು ಮುಖಕ್ಕೆ ಮರದ ಹಳದಿ ಗಂಧ ತೇಯ್ದು ಹಚ್ಚುವವರೇ. ಜಾಲಿಫಾ ಮಾತ್ರ ಒಂದು ವರ್ಷದಿಂದ ಗೋಡೆಗೆ ಗಾರೆ ಮೆತ್ತಿದಂತೆ ಮೆತ್ತುತ್ತಿದ್ದಳು. ಎಡಗೆನ್ನೆಯಲ್ಲಿ ಬಣ್ಣಗೆಟ್ಟ ಮಚ್ಚೆಯೊಂದಿತ್ತು. ಚಿಬ್ಬು ಇರಬೇಕೆಂದು ಪೇಟೆಯ ಮುಲಾಮು ಹಚ್ಚಿದಳು, ಹೋಗಲಿಲ್ಲ. ಹೋಗದ್ದನ್ನು ಮುಚ್ಚಿದಳು. ಊರೆಲ್ಲ ಹಳದಿ ಮುಖ ಹೊತ್ತು ತಿರುಗುವಾಗ ಯಾರು ಯಾರ ಕೆನ್ನೆ ನೋಡುತ್ತಾರೆ?

ಪಕ್ಕದ ಮನೆಯ ಸೋವಾ ನೋಡಿದಳು. ಮದುವೆಯೊಂದಕ್ಕೆ ಹೊರಟ ಹೆಂಗಸರು ಅಂಗಳದಲ್ಲಿ ಕೂತು ಒಬ್ಬರ ಮುಖಕ್ಕೊಬ್ಬರು ಕಡ್ಡಿಯಿಂದ ಗಂಧದ ಹೂವು ಬರೆಯುತ್ತಿದ್ದರು. ಆ ಕಡ್ಡಿ ತಾಗಿದರೆ ಎಂಥವರಿಗೂ ಕಚಗುಳಿ. ಸೋವಾ ಬಲಗೆನ್ನೆಗೆ ಬರೆಯುವಾಗ ಜಾಲಿಫಾ ಕಿಲಕಿಲ ನಕ್ಕಳು. ಎಡಗೆನ್ನೆಗೆ ಬಂದಾಗ ಸುಮ್ಮನೆ ಕೂತಿದ್ದಳು.

"ಏನೇ, ನಗು ಅರ್ಧಕ್ಕೇ ಮುಗೀತಾ?" ಎಂದಳು ಸೋವಾ.

"ಯಾಕಕ್ಕ, ಆ ಕಡೆ ಬರೆಯೋಕೆ ಶುರು ಮಾಡಿದ್ಯಾ?"

ಸೋವಾಳ ಕೈ ನಿಂತಿತು. ಎಲ್ಲರೆದುರು ಆಡುವ ಮಾತಲ್ಲವೆಂದು ಹೂವು ಮುಗಿಸಿದಳು. ಮಾರನೇ ಬೆಳಗ್ಗೆ ಜಾಲಿಫಾಳನ್ನು ಹಿತ್ತಲಿಗೆ ಎಳೆದೊಯ್ದು ಮುಖ ತೊಳೆದು ನೋಡಿದಳು.

"ಚಿಬ್ಬಾದ್ರೆ ಕೆರೆದಾಗ ಹೊಟ್ಟು ಉದುರುತ್ತೆ. ತೊನ್ನಾದ್ರೆ ಹಾಲಿನ ಹಾಗಿರುತ್ತೆ, ಆದ್ರೆ ಮುಟ್ಟಿದ್ದು ನಿನಗೆ ಗೊತ್ತಾಗುತ್ತೆ. ಇದು ಎರಡೂ ಅಲ್ಲ ಕಣೆ. ಆಸ್ಪತ್ರೆಗೆ ನಡಿ."

"ಕುಷ್ಠ ಅಂದ್ಬಿಟ್ರೆ ನನ್ನ ಕೈಯಿಂದ ಯಾರಕ್ಕ ತಿಂತಾರೆ? ಮಕ್ಕಳಿಗೆ ಏನು ಹಾಕ್ಲಿ?"

"ನಮ್ಮಮ್ಮನೂ ಹಿಂಗೇ ಮುಚ್ಚಿಟ್ಲು, ಬೆರಳು ಹೋದ್ವು. ನೀನು ಆಮೇಲೆ ಮೊಕಾರೀನ ಮೊಣಕೈಲಿ ತಿರುವ್ತೀಯಾ?"

ಆಸ್ಪತ್ರೆಯ ನರ್ಸ್ ಕಣ್ಣು ಮುಚ್ಚಿಸಿ, ಹತ್ತಿಯ ಎಳೆ ಹಿಡಿದು, "ಮುಟ್ಟಿದಾಗ ಹೇಳಿ" ಎಂದಳು. ಜಾಲಿಫಾ ಕಾಯುತ್ತಲೇ ಇದ್ದಳು. ಕಣ್ಣು ಬಿಟ್ಟಾಗ ಪರೀಕ್ಷೆ ಮುಗಿದಿತ್ತು. ಅದೇ ರೋಗ.

"ಬೇಗ ಬಂದಿದ್ದೀರಿ, ಒಳ್ಳೇದಾಯ್ತು," ಎಂದಳು ನರ್ಸ್. "ಆರು ತಿಂಗಳು ಮಾತ್ರೆ, ದುಡ್ಡೇನೂ ಕೊಡೋದು ಬೇಡ. ಒಂದು ದಿನಾನೂ ತಪ್ಪಿಸ್ಬೇಡಿ. ಮೂತ್ರ ಕೆಂಪಗಾದ್ರೆ ಗಾಬರಿ ಬೇಡ. ನಿಮ್ಮ ಅಡುಗೆ ತಿಂದ್ರೆ ಯಾರಿಗೂ ಏನೂ ಆಗಲ್ಲ. ಮಕ್ಕಳನ್ನೂ ಒಮ್ಮೆ ತೋರಿಸಿ."

ಮಕ್ಕಳಿಗೆ ಏನೂ ಇರಲಿಲ್ಲ. ಆದರೆ ಊರಬಾಯಿಗೆ ಮುಚ್ಚಳವಿಲ್ಲ. ವಾರದೊಳಗೆ ಕಾವಲಿಯ ಮುಂದೆ ನೊಣ ಮಾತ್ರ ಉಳಿದವು. ಆಗ ಸೋವಾ ದಿನಾ ಬೆಳಗ್ಗೆ ಬಂದು ಎಲ್ಲರಿಗೂ ಕಾಣುವಂತೆ ಕೂತು, ಜಾಲಿಫಾಳ ಕೈಯಿಂದಲೇ ಇಸಿದುಕೊಂಡು, ಊದಿ ಊದಿ ತಿಂದಳು. ತಿಂದು, "ಸಕ್ಕರೆ ಕಮ್ಮಿ ಕಣೆ" ಎಂದು ದೊಡ್ಡ ಗಂಟಲಿನಲ್ಲಿ ಬೈದಳು. ಹಸಿದ ಬೆಸ್ತರು ಎಷ್ಟು ದಿನ ದೂರ ನಿಂತಾರು? ಮೊದಲು ಒಬ್ಬ ಬಂದ, ಆಮೇಲೆ ಸಾಲೇ ಬಂತು. ಹೆತ್ತ ತಾಯಿಯೂ ಇಷ್ಟು ಮಾಡುತ್ತಿರಲಿಲ್ಲ ಎಂದು ಜಾಲಿಫಾ ಇಂದಿಗೂ ಹೇಳುತ್ತಾಳೆ. ದಿನದ ಮೊದಲ ಮೊಕಾರಿ ಸೋವಾಗೇ.

ಮಾತ್ರೆ ಮುಗಿದ ಮೇಲೆ ಮತ್ತೊಂದು ಮದುವೆ ಬಂತು. ಅದೇ ಅಂಗಳ, ಅದೇ ಕಡ್ಡಿ. ಸೋವಾ ಮೊದಲು ಎಡಗೆನ್ನೆಗೇ ಕೈ ಹಾಕಿದಳು. ಜಾಲಿಫಾ ಕಣ್ಣು ಮುಚ್ಚಿ ಕಾದಳು. ಕೆನ್ನೆಯ ಮೇಲೆ ಇರುವೆ ಹರಿದಂತಾಯಿತು. ನಗಬೇಕೆಂದು ಬಾಯಿ ತೆರೆದರೆ ಅಳು ಬಂತು.

"ಅಳ್ಬೇಡ್ವೇ, ಹೂವು ಕೆಡುತ್ತೆ."

"ಕೆಡ್ಲಿ ಅಕ್ಕ. ಇನ್ನೊಂದ್ಸಲ ಬರಿ."