ಕಂಕುಳಿನ ಚಾಪೆ

ಬೈಬಲಮ್ಮನ ಎಡಗಂಕುಳಲ್ಲಿ ಯಾವಾಗಲೂ ಒಂದು ಸುತ್ತಿದ ಚಾಪೆ ಇರುತ್ತಿತ್ತು. ಅಂಚು ಬಿಚ್ಚದಿರಲೆಂದು ಸುತ್ತಲೂ ಹಸಿರು ಬಟ್ಟೆ ಕೊಟ್ಟು ಹೊಲಿದಿದ್ದರು. ಬೆವರಿಗೆ ಆ ಬಟ್ಟೆ ಬಣ್ಣ ಬಿಟ್ಟು, ಅವರ ಬಿಳಿ ರವಿಕೆಯ ಎಡತೋಳು ಸದಾ ಹಸಿರಾಗಿರುತ್ತಿತ್ತು.

ಅರವತ್ತರ ದಶಕದ ಶುರುವಿನಲ್ಲಿ ನಾನು ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಸೊಸೆಯಾಗಿ ಬಂದೆ. ನಮ್ಮದು ರೇಷ್ಮೆ ವ್ಯಾಪಾರದವರ ಬೀದಿ; ಮನೆಮನೆಯಲ್ಲೂ ಲಿಂಗಪೂಜೆ, ಮಡಿ. ಅಂಥ ಬೀದಿಗೆ ಯೇಸುವಿನ ಕತೆ ಹೇಳಲು ಚರ್ಚಿನವರು ಇವರನ್ನು ಕಳಿಸಿದ್ದರು. ಮಾರ್ಟಳ್ಳಿ ಕಡೆಯವರು, ಗಂಡ ತೀರಿಕೊಂಡಿದ್ದ. ವಾರಕ್ಕೊಮ್ಮೆ ಬಂದು ನಮ್ಮ ಜಗಲಿಯಲ್ಲಿ ಚಾಪೆ ಹಾಸಿ ಕೂತು, ಹೆಂಗಸರಿಗೆ ಹೊಲಿಗೆ ಹೇಳಿಕೊಟ್ಟು, ಕೊನೆಗೆ ಒಂದು ಕತೆ, ಒಂದು ಹಾಡು. ರಾಗ ಎಂಬುದು ಆ ಹಾಡಿನ ಹತ್ತಿರವೂ ಸುಳಿಯುತ್ತಿರಲಿಲ್ಲ. ಅವರ ದೇವರು ಬಲು ತಾಳ್ಮೆಯವನಿರಬೇಕು ಎಂದು ನಮ್ಮತ್ತೆ ಕಿಚಾಯಿಸಿದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಅವರೇ. ನಮ್ಮ ಬೀದಿಯಿಂದ ಒಬ್ಬರೂ ಅವರ ಮತಕ್ಕೆ ಸೇರಲಿಲ್ಲ. ಎಷ್ಟು ಜನ ಸೇರಿದರೆಂದು ಪಾದ್ರಿಗಳು ಕೇಳುವುದಿಲ್ಲವೇ ಎಂದರೆ, “ಕೇಳ್ತಾರೆ. ಉಪ್ಪಿನಕಾಯಿ ಕೊಟ್ರು ಸಾಮಿ ಅಂತೀನಿ” ಎನ್ನುತ್ತಿದ್ದರು.

ಚಾಪೆ ಯಾಕೆಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಅವರು ಕೂತೆದ್ದ ನೆಲ ತೊಳೆಯುವ ಕೆಲಸ ನಮಗೆ ತಪ್ಪಲಿ ಎಂದೇ ಅದನ್ನು ಹೊತ್ತು ತಿರುಗುತ್ತಿದ್ದರು. ಕುಡಿಯುವ ನೀರಿಗೂ ಚೀಲದಲ್ಲಿ ಸ್ವಂತದ್ದೊಂದು ಸೀಸೆ. ಒಳ್ಳೆ ಹೆಂಗಸು, ತಾನಾಗಿಯೇ ಅರ್ಥ ಮಾಡಿಕೊಳ್ಳುತ್ತಾಳೆ ಎಂದು ನಾವು ಹೊಗಳುತ್ತಿದ್ದೆವು. ಆ ಹೊಗಳಿಕೆ ನೆನೆದರೆ ಈಗ ನಾಚಿಕೆಯಿಂದ ಮೈ ಹಿಡಿಯಷ್ಟಾಗುತ್ತದೆ.

ಒಂದು ದಿನ ಅತ್ತೆ ನೆಂಟರ ಮನೆಗೆ ಹೋಗಿದ್ದಾಗ ನನ್ನ ಚೊಚ್ಚಲ ಮಗುವಿಗೆ ಜ್ವರ ಏರಿ ಕಣ್ಣು ಮೇಲಾಯಿತು. ನಾನು ಕೂಗಿಕೊಂಡೆ. ಜಗಲಿಯಲ್ಲಿದ್ದ ಬೈಬಲಮ್ಮ ಚಾಪೆ ಎತ್ತಿಕೊಂಡೇ ಒಳಗೆ ಓಡಿಬಂದು, ನಡುಮನೆಯಲ್ಲಿ ಅದನ್ನು ಹಾಸಿ ಕೂತರು. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಒದ್ದೆ ಬಟ್ಟೆ ಹಾಕುತ್ತಾ ಸಂಜೆಯವರೆಗೂ ಕದಲಲಿಲ್ಲ. ಜ್ವರ ಇಳಿಯಿತು, ಮಗು ಹಾಲಿಗೆ ಅತ್ತಿತು. ಅವರು ಚಾಪೆ ಸುತ್ತಿಕೊಂಡು ಹೊರಟರು.

ಅತ್ತೆ ಬರುವ ಹೊತ್ತಾಗಿತ್ತು. ನಾನು ಬಿಂದಿಗೆ ತಂದು ನಡುಮನೆಗೆ ನೀರು ಸುರಿದು ತೊಳೆಯತೊಡಗಿದೆ. ತಲೆ ಎತ್ತಿದರೆ, ಮರೆತ ಕೊಡೆಗೆಂದು ಹಿಂದಿರುಗಿದ ಬೈಬಲಮ್ಮ ಬಾಗಿಲಲ್ಲಿ ನಿಂತಿದ್ದರು.

“ಚಾಪೆ ಮ್ಯಾಲೇ ಕೂತಿದ್ನಲ್ಲವ್ವ,” ಎಂದರು. “ನೀರು ದಂಡ.”

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಮಗುವನ್ನು ಉಳಿಸಿದವರು ಯಾರೆಂದು ಅತ್ತೆಗೆ ಹೇಳಿದೆ, ನೀರಿನ ಸಂಗತಿ ಹೇಳಲಿಲ್ಲ. ಮುಂದಿನ ವಾರವೂ ಅವರು ಬಂದು ಅದೇ ರಾಗವಿಲ್ಲದ ಹಾಡು ಹಾಡಿದರು.

ಎಪ್ಪತ್ತರ ದಶಕದಲ್ಲಿ ಕಾಲುನೋವೆಂದು ಊರಿಗೆ ಹೋದವರು ಮತ್ತೆ ಬರಲಿಲ್ಲ. ತೀರಿಹೋದರೆಂಬ ಸುದ್ದಿ ಬಂದಾಗ, ಹೋಗಲೇಬೇಕು ಎಂದವರು ಅತ್ತೆಯೇ. ಬಸ್ಸಿನಲ್ಲಿ ಮಾರ್ಟಳ್ಳಿಗೆ ಹೋದೆವು. ಅವರ ತಂಗಿ ನಮಗೆ ಕೂರಲು ಚಾಪೆ ಹಾಸಿದಳು. ಅದೇ ಹಸಿರಂಚಿನ ಚಾಪೆ. ನಾವು ಕೂತೆವು. ಆಕೆ ಹುಡುಗನೊಬ್ಬನನ್ನು ಓಡಿಸಿ ಅಂಗಡಿಯಿಂದ ಎರಡು ಗೋಲಿಸೋಡಾ ತರಿಸಿ ನಮ್ಮ ಕೈಗಿಟ್ಟಳು.

“ಅಕ್ಕ ಮದ್ಲೇ ಏಳ್ಬುಟ್ಟಿದ್ಲು,” ಎಂದಳು. “ಕೊಳ್ಳೇಗಾಲ್ದೋರು ಬಂದ್ರೆ ಮನೆ ನೀರು ಕೊಟ್ಟು ಪೇಚಿಗೆ ಸಿಕ್ಕಿಸ್ಬ್ಯಾಡಿ, ಸೋಡಾ ತರ್ಸಿ ಅಂತ.”

ಒಳಗೆ ನೀರಿನ ಗಡಿಗೆ ಕಾಣುತ್ತಿತ್ತು, ಮೇಲೆ ಲೋಟ ಬೋರಲು ಹಾಕಿತ್ತು. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ನೆಲ ನೋಡುತ್ತಿದ್ದರು. ಸೋಡಾ ಕುಡಿದು ಎದ್ದು ಬಂದೆವು.

ಬಸ್ಸು ಹನೂರು ದಾಟಿದ ಮೇಲೆ ಅತ್ತೆ ಬಾಯಿ ಬಿಟ್ಟರು.

“ನೀನಾದ್ರೂ ಒಂದ್ಲೋಟ ನೀರು ಕೇಳ್ಬಾರ್ದಾಗಿತ್ತಾ?”

ಅಲ್ಲಿ ಅತ್ತೆಯೇ ಮೊದಲು ಕೇಳಲಿ ಎಂದು ನಾನು ಕಾದಿದ್ದೆ.